ಕೀಳದೆ ಉಳಿದ ಕಾಯಿ

ಹಂದನಕೆರೆಯ ದೊಡ್ಡರಂಗಯ್ಯನ ಮನೆಯ ಹಿಂದೆ ಒಂದು ಸಣ್ಣ ಕಣದಷ್ಟು ಅಗಲದ ಹಿತ್ತಲಿತ್ತು. ಸುತ್ತ ತೆಂಗಿನ ಗರಿಯ ಬೇಲಿ, ಒಂದು ಮೂಲೆಗೆ ಮಾವಿನ ಮರ, ಬಚ್ಚಲ ನೀರು ಹರಿದು ಬರುವ ಕಡೆ ನುಗ್ಗೆ ಮರ. ಉಳಿದ ಜಾಗದಲ್ಲಿ ಅವನ ಹೆಂಡತಿ ಕೊಲ್ಲಾಪುರಮ್ಮ ವರ್ಷವಿಡೀ ಒಂದಲ್ಲ ಒಂದು ತರಕಾರಿ ಬೆಳೆಯುತ್ತಿದ್ದಳು. ಆಕೆ ಜ್ವರ ಬಂದು ತೀರಿಕೊಂಡಾಗ ಮಗಳು ಭೈರಮ್ಮನಿಗೆ ಹನ್ನೊಂದು ವರ್ಷ. ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಹುಡುಗಿ ಹಿತ್ತಲಿಗೆ ಹೋಗಿ ನೋಡಿದಳು. ಬದನೆ ಗಿಡಗಳು ಎಲೆ ಇಳಿಬಿಟ್ಟುಕೊಂಡು ನಿಂತಿದ್ದವು. ಒಳಗೆ ಬಂದು ಕೊಡ ತೆಗೆದುಕೊಂಡು ಬಾವಿಯ ಕಡೆ ನಡೆದಳು.

ಅಂದಿನಿಂದ ಹಿತ್ತಲು ಅವಳದಾಯಿತು. ಅವ್ವ ಮಾಡುತ್ತಿದ್ದುದನ್ನು ಬೆನ್ನ ಹಿಂದೆ ನಿಂತು ನೋಡಿದ್ದಳು; ಹಾಗೆಯೇ ಮಾಡಿದಳು. ಸಂಕ್ರಾಂತಿ ಕಳೆಯುತ್ತಲೇ ಸೌತೆ, ಹೀರೆ, ಪಡವಲದ ಬೀಜ ಊರುವುದು, ಬಳ್ಳಿ ಹಬ್ಬಲು ಬಿದಿರು ಗಳುಗಳ ಚಪ್ಪರ ಕಟ್ಟುವುದು, ತೇವ ಆರದಿರಲೆಂದು ಗಿಡದ ಬುಡಕ್ಕೆ ತೆಂಗಿನಮಟ್ಟೆ ಬೋರಲು ಹಾಕುವುದು. ದೊಡ್ಡರಂಗಯ್ಯ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ. ಮೊದಲ ಬಸ್ಸಿಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಹುಡುಗಿ ಹಿತ್ತಲಿನ ಕಾಯಿ ಕಿತ್ತು, ಸಾರು ಮಾಡಿ, ಮುದ್ದೆ ತಿರುವಿ, ಬಾಗಿಲಲ್ಲಿ ಕೂತಿರುತ್ತಿದ್ದಳು. ಅದನ್ನು ನೋಡಿ ನೋಡಿ ಅವನಿಗೆ ಮರುಕವಾಯಿತು. ನೆಂಟರೂ ಬಿಡಲಿಲ್ಲ. ಎರಡು ವರ್ಷ ಕಳೆದ ಮೇಲೆ, ಎಪ್ಪತ್ತೆಂಟರ ದೀಪಾವಳಿ ಕಳೆಯುತ್ತಲೇ, ದಂಡಿನಶಿವರದ ಸಿದ್ದಕ್ಕನನ್ನು ಮದುವೆಯಾಗಿ ಕರೆತಂದ.

ಸಿದ್ದಕ್ಕನಿಗೆ ಮೂವತ್ತು ದಾಟಿತ್ತು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಿಕೊಳ್ಳುವುದರಲ್ಲೇ ಅವಳ ವಯಸ್ಸು ಸರಿದುಹೋಗಿತ್ತು. ತಂದೆ ಹೋದ ಮೇಲೆ ಅಣ್ಣಂದಿರು ಗಂಡು ಹುಡುಕಿದರು. ಎತ್ತರದ ಹೆಂಗಸು, ಮಾತು ಕಡಿಮೆ, ನಡೆದರೆ ಸದ್ದಾಗದು. ಭೈರಮ್ಮ ಅವಳೊಂದಿಗೆ ಜಗಳವಾಡಲಿಲ್ಲ. ಅಡುಗೆ ಒಲೆ, ಹಿಟ್ಟಿನ ಮಡಕೆ, ಹಾಲಿನ ಚೊಂಬು ಎಲ್ಲವನ್ನೂ ತಾನಾಗಿಯೇ ತೋರಿಸಿಕೊಟ್ಟಳು. ಸಿದ್ದಕ್ಕ ತಲೆ ಬಾಚುತ್ತೇನೆಂದರೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆದರೆ ಹಿತ್ತಲ ಬಾಗಿಲು ದಾಟುವಾಗ ಮಾತ್ರ ಒಬ್ಬಳೇ ಹೋಗುತ್ತಿದ್ದಳು, ಬಾಗಿಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಿದ್ದಳು. ಸಿದ್ದಕ್ಕ ಅದನ್ನು ಗಮನಿಸಿದ್ದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಏಳನೇ ಕ್ಲಾಸಿನ ಪರೀಕ್ಷೆ ನಡೆಯುತ್ತಿದ್ದ ದಿನಗಳವು. ಸೌತೆ ಬಳ್ಳಿ ಹೂಬಿಟ್ಟು, ಮೊದಲ ಪೀಚು ಕಾಣಿಸಿಕೊಂಡಿತ್ತು. ಭೈರಮ್ಮ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಎಲೆ ಸರಿಸಿ ನೋಡುತ್ತಿದ್ದಳು. ಇವತ್ತು ಹೆಬ್ಬೆರಳಿನಷ್ಟಿದ್ದುದು ಮಾರನೆಯ ದಿನಕ್ಕೆ ಎರಡರಷ್ಟಾಗುತ್ತಿತ್ತು. ಮೊದಲ ಕಾಯನ್ನು ಅವ್ವ ಯಾವಾಗಲೂ ದೇವರ ಮುಂದೆ ಇಟ್ಟು, ಆಮೇಲೆ ಮಗಳಿಗೆ ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದಳು. ಗಣಿತದ ಪರೀಕ್ಷೆ ಬರೆದು ಮಟಮಟ ಮಧ್ಯಾಹ್ನ ಮನೆಗೆ ಬಂದಾಗ, ನಡುಮನೆಯಲ್ಲಿ ತಟ್ಟೆಯೊಂದರಲ್ಲಿ ಸೌತೆಕಾಯಿ ಕೋಸಂಬರಿ ಮುಚ್ಚಿಟ್ಟಿತ್ತು. ಮೇಲೆ ಕಾಯಿತುರಿ, ಕೊತ್ತಂಬರಿ ಸೊಪ್ಪು.

ಹುಡುಗಿ ತಟ್ಟೆಯನ್ನು ನೋಡಿದಳು, ಹಿತ್ತಲಿಗೆ ಓಡಿದಳು, ತಿರುಗಿ ಬಂದಳು. ಮುಖ ಕೆಂಪಾಗಿತ್ತು.

"ಯಾರು ಕಿತ್ತಿದ್ದು?"

"ನಾನೇ ಕಣವ್ವ," ಎಂದಳು ಸಿದ್ದಕ್ಕ. "ಬಿಸಿಲಾಗೆ ಬತ್ತೀಯ, ಹೊಟ್ಟೆ ತಂಪಾಗ್ಲಿ ಅಂತ."

"ಅದು ನಮ್ಮವ್ವನ ಹಿತ್ಲು. ಅಲ್ಲಿ ನೀನು ಒಂದು ಕಾಯೂ ಮುಟ್ಕೂಡ್ದು."

ಹೇಳುತ್ತ ಹೇಳುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿತು; ಅದು ಕಾಣಬಾರದೆಂದು ಗೋಡೆಯ ಕಡೆ ತಿರುಗಿದಳು. ಸಿದ್ದಕ್ಕ ಸೆರಗಿಗೆ ಕೈ ಒರೆಸಿಕೊಂಡು, "ಆಯ್ತವ್ವ, ನೀನು ಹೇಳೋಗಂಟ ಮುಟ್ಟಲ್ಲ," ಎಂದಳು. ಕೋಸಂಬರಿಯನ್ನು ಅವತ್ತು ಯಾರೂ ತಿನ್ನಲಿಲ್ಲ. ಸಂಜೆಗೆ ಅದು ನೀರು ಬಿಟ್ಟುಕೊಂಡು ಸಪ್ಪೆಯಾಯಿತು, ಹಸುವಿನ ಬಾನಿಗೆ ಹೋಯಿತು.

ಆಮೇಲಿನ ದಿನಗಳಲ್ಲಿ ಹಿತ್ತಲು ತುಂಬಿ ಬಂತು. ಭೈರಮ್ಮ ಬೆಳಿಗ್ಗೆ ಪುಟ್ಟಿ ಹಿಡಿದು ಹೋಗಿ ಬೆಂಡೆ, ಬದನೆ, ಎಳೆ ಹೀರೆ ಕಿತ್ತು ತಂದು ಅಡುಗೆಮನೆಯ ಹೊಸಿಲ ಮೇಲೆ ಇಡುವಳು. ಸಿದ್ದಕ್ಕ ಅಲ್ಲಿಂದ ಎತ್ತಿಕೊಂಡು ಅಡುಗೆ ಮಾಡುವಳು. ಎಷ್ಟು ಕಾಯಿ ಬಂದರೆ ಅಷ್ಟೇ. ಕೊತ್ತಂಬರಿ ಒಂದೆಸಳು ಬೇಕಾದರೂ ಆಕೆ ಹಿತ್ತಲಿಗೆ ಇಳಿಯುತ್ತಿರಲಿಲ್ಲ. ಹುಡುಗಿಗೆ ಒಳಗೊಳಗೇ ಸ್ವಲ್ಪ ಸಂಕಟವಾಗುತ್ತಿತ್ತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ತುರುವೇಕೆರೆಯಿಂದ ಸೋದರಮಾವ ಹನುಮಂತಯ್ಯ ಬಂದ. ಮಗಳ ಮದುವೆ ಗೊತ್ತಾಗಿತ್ತು. ಸ್ಕೂಲಿಗೂ ರಜ ಬರುತ್ತದೆ, ಹುಡುಗಿಯನ್ನು ನನ್ನ ಜೊತೆ ಕಳಿಸಿ, ಮದುವೆ ಮುಗಿಸಿಕೊಂಡು ಬರಲಿ ಎಂದ. ಭೈರಮ್ಮನಿಗೆ ಹೋಗುವ ಆಸೆಯೂ ಇತ್ತು, ಹಿತ್ತಲನ್ನು ಬಿಟ್ಟು ಹೋಗುವ ಚಿಂತೆಯೂ ಇತ್ತು. ಹೊರಡುವಾಗ ಅಪ್ಪನಿಗೆ, ಎರಡು ಹೊತ್ತೂ ನೀರು ಹಾಕಬೇಕು, ಬುಡದ ಮಟ್ಟೆ ನೆನೆಯುವಂತೆ ಹಾಕಬೇಕು ಎಂದು ಹೇಳಿದಳು. ಅಪ್ಪ ಬೆಳಕು ಹರಿಯುವ ಮೊದಲೇ ಬಸ್ಸು ಹತ್ತುವವನೆಂದು ಅವಳಿಗೆ ಗೊತ್ತಿತ್ತು. ಒಳಗಿದ್ದವಳಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ್ದಳು. ನೀರಿನ ಮಾತು ಹೇಳಿದಳೇ ಹೊರತು ಕಾಯಿ ಕೀಳುವ ವಿಷಯ ಎತ್ತಲಿಲ್ಲ. ನಾಲ್ಕು ದಿನದಲ್ಲಿ ಬರುವವಳು ತಾನೆ.

ನಾಲ್ಕು ದಿನಕ್ಕೆ ಬರಲಾಗಲಿಲ್ಲ. ಮದುವೆಯ ಮಾರನೆಯ ದಿನವೇ ಅವಳಿಗೆ ಮೈ ಕಾದು, ಬೆನ್ನ ಮೇಲೆ ನೀರುಗುಳ್ಳೆ ಎದ್ದವು. ಅಮ್ಮ ಬಂದಿದ್ದಾಳೆ, ಇಳಿಯುವವರೆಗೆ ಊರು ದಾಟಿಸುವಂತಿಲ್ಲ ಎಂದು ಅತ್ತೆ ನಡುಕೋಣೆಯಲ್ಲಿ ಚಾಪೆ ಹಾಸಿ, ಬೇವಿನ ಸೊಪ್ಪು ಹರಡಿ ಮಲಗಿಸಿದಳು. ಒಗ್ಗರಣೆಯ ವಾಸನೆ ಮನೆಯಲ್ಲಿ ಹಾಯದಂತೆ ನೋಡಿಕೊಂಡಳು. ಗುಳ್ಳೆ ಮುಖಕ್ಕೆ ಹತ್ತಿತು, ತಲೆಗೆ ಹತ್ತಿತು. ಉರಿ, ತುರಿಕೆ. ಹುಡುಗಿ ಬೇವಿನ ಕಡ್ಡಿಯಿಂದ ಮೈ ಸವರಿಕೊಳ್ಳುತ್ತ ಮಲಗಿದಲ್ಲಿಂದಲೇ ಕಿಟಕಿಯಾಚೆಯ ಬಿಸಿಲು ನೋಡುತ್ತಿದ್ದಳು. ಈ ಬಿಸಿಲಿಗೆ ಒಂದು ಹೊತ್ತು ನೀರು ತಪ್ಪಿದರೆ ಸೌತೆಯ ಎಲೆ ಸುರುಟಿಹೋಗುತ್ತದೆ ಎಂದು ಅವಳಿಗೆ ಗೊತ್ತು.

ಒಂದು ಭಾನುವಾರ ದೊಡ್ಡರಂಗಯ್ಯ ಬಂದು ಜಗುಲಿಯ ಮೇಲೆ ಕೂತು ಕಿಟಕಿಯಿಂದ ಮಗಳನ್ನು ಮಾತಾಡಿಸಿದ. ಸಿದ್ದಕ್ಕ ತಾನೂ ಬರುತ್ತೇನೆಂದು ಹೊರಟಿದ್ದಳಂತೆ. ದನಕ್ಕೆ ಮೇವು ಹಾಕುವವರಿಲ್ಲ, ಹಿತ್ತಲಿಗೆ ನೀರು ಹಾಕುವವರಿಲ್ಲ ಎಂದು ನಿಂತುಕೊಂಡಳಂತೆ. ಮೈಗೆ ಹಚ್ಚಿಕೊಳ್ಳಲು ತಾಜಾ ಕೊಬ್ಬರಿ ಎಣ್ಣೆ ಕಾಯಿಸಿ ಶೀಸೆಯಲ್ಲಿ ಕಳಿಸಿದ್ದಳು. ಗುಳ್ಳೆ ಒಣಗಿದ ಮೇಲೆ ಹಚ್ಚಬೇಕು, ಮೊದಲೇ ಹಚ್ಚಬಾರದು ಎಂದು ಹೇಳಿ ಕಳಿಸಿದ್ದಳು. ಹಿತ್ತಲು ಹೇಗಿದೆ ಎಂದು ಭೈರಮ್ಮ ಕೇಳಿದಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದವನು, ಕಾಯಿಲೆಯ ಮಗುವಿಗೆ ಯಾಕೆ ಎಂದುಕೊಂಡನೋ ಏನೋ, ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದ. ಆ ತಡವರಿಕೆ ಹುಡುಗಿಯ ಕಣ್ಣು ತಪ್ಪಲಿಲ್ಲ. ಗಿಡಗಳೆಲ್ಲ ಒಣಗಿಹೋಗಿವೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿಕೊಂಡು, ಅತ್ತೆಗೆ ಕೇಳಿಸದಂತೆ ಅತ್ತಳು.

ಮೂರು ವಾರ ಕಳೆದು, ಅಮ್ಮ ಇಳಿದು, ಬೇವಿನ ನೀರಿನ ಸ್ನಾನವಾಗಿ, ಮೈಮೇಲೆ ಬರೀ ಕಲೆ ಉಳಿದ ಮೇಲೆ ಹನುಮಂತಯ್ಯನೇ ಅವಳನ್ನು ಕರೆದುಕೊಂಡು ಹೊರಟ. ತಿಪಟೂರಿನಲ್ಲಿ ಬಸ್ಸು ಬದಲಿಸಿ ಹಂದನಕೆರೆಯಲ್ಲಿ ಇಳಿದಾಗ ಹೊತ್ತು ನೆತ್ತಿಯ ಮೇಲಿತ್ತು. ಮನೆಗೆ ಬೀಗ ಹಾಕಿತ್ತು. ಅವತ್ತು ಸಂತೆ. ಮಾವ ಜಗುಲಿಯ ಮೇಲೆ ಟವೆಲ್ ಹಾಸಿಕೊಂಡು ಕೂತ. ಭೈರಮ್ಮ ಕಾಯಲಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ನುಗ್ಗಿ, ಬೇಲಿಯ ತಡಿಕೆ ಸರಿಸಿ ಹಿತ್ತಲಿಗೆ ಹೋದಳು.

ಹಿತ್ತಲು ಒಣಗಿರಲಿಲ್ಲ. ಮಣ್ಣು ಕಪ್ಪಗೆ ತೇವವಾಗಿತ್ತು. ಪ್ರತಿ ಗಿಡದ ಬುಡದಲ್ಲೂ ಹೊಸ ಮಟ್ಟೆಗಳು ನೀಟಾಗಿ ಸುತ್ತುಗಟ್ಟಿದ್ದವು. ಒಂದು ಕಡ್ಡಿ ಕಳೆ ಇರಲಿಲ್ಲ. ಆದರೆ ನೆಲದ ತುಂಬ, ಎಲೆಗಳ ನಡುವೆ, ಹೊಂಬಣ್ಣದ ಸೌತೆಕಾಯಿಗಳು ಮಲಗಿದ್ದವು, ಒಂದೊಂದೂ ಮೊಳಕೈ ಗಾತ್ರ, ಸಿಪ್ಪೆ ಬಿರುಕು ಬಿಟ್ಟು ಬಲೆ ಬಲೆಯಾಗಿತ್ತು. ಚಪ್ಪರದಿಂದ ಹೀರೆಕಾಯಿಗಳು ಒಣಗಿ ಕಂದುಬಣ್ಣಕ್ಕೆ ತಿರುಗಿ ಜೋತಾಡುತ್ತಿದ್ದವು. ಗಾಳಿ ಬೀಸಿದರೆ ಒಳಗಿನ ಬೀಜ ಗಿಲಗಿಲ ಅನ್ನುತ್ತಿತ್ತು. ಬೆಂಡೆ ಬಲಿತು ಸೀಳಿತ್ತು. ಬದನೆ ಹಳದಿಯಾಗಿ ಕೊಂಬೆ ಭಾರಕ್ಕೆ ನೆಲ ಮುಟ್ಟಿತ್ತು. ನುಗ್ಗೆಕಾಯಿ ಕಟ್ಟಿಗೆಯಾಗಿತ್ತು. ಒಂದೇ ಒಂದು ಕಾಯನ್ನೂ ಯಾರೂ ಕಿತ್ತಿರಲಿಲ್ಲ.

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಫಾಮಿದಾ ಅವಳನ್ನು ಕಂಡು ಹತ್ತಿರ ಬಂದಳು. ದರ್ಜಿ ವಹಾಬನ ಹೆಂಡತಿ, ಕೊಲ್ಲಾಪುರಮ್ಮ ಇದ್ದ ಕಾಲದಿಂದಲೂ ಈ ಹಿತ್ತಲಿನ ತರಕಾರಿ ತಿಂದವಳು. ಮೊದಲು ಹುಡುಗಿಯ ಕೆನ್ನೆ ಹಿಡಿದು ಕಲೆಗಳನ್ನು ನೋಡಿ ಮರುಗಿದಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು.

ಸಿದ್ದಕ್ಕ ಬೆಳಿಗ್ಗೆ ಸಂಜೆ ಬಾವಿಯಿಂದ ನೀರು ಸೇದಿ ಹೊತ್ತು ಹಾಕುತ್ತಾಳಂತೆ. ಮನೆ ಬಾವಿ ತಳ ಕಂಡ ಮೇಲೆ ತೋಟದ ಬಾವಿಗೆ ಹೋಗುತ್ತಾಳಂತೆ. ಕಾಯಿ ಬಲಿಯುತ್ತಿದೆ ಕಿತ್ತುಕೋ ಎಂದು ಫಾಮಿದಾ ಹೇಳಿದರೆ ಬೇಡವೆಂದು ತಲೆ ಆಡಿಸಿದಳಂತೆ. ಗಂಡ ಎರಡು ಸಲ ರೇಗಿದನಂತೆ, ಆದರೂ ಕೇಳಲಿಲ್ಲವಂತೆ. ಹಿತ್ತಲು ತುಂಬ ಕಾಯಿ ಇಟ್ಟುಕೊಂಡು ಸಂತೆಯಲ್ಲಿ ತರಕಾರಿ ಕೊಳ್ಳುವವಳೆಂದು ಬೀದಿಯ ಹೆಂಗಸರೆಲ್ಲ ನಗುತ್ತಾರಂತೆ. ಒಂದು ದಿನ ಫಾಮಿದಾ ಸಾರಿಗೆಂದು ಎರಡು ನುಗ್ಗೆಕಾಯಿ ಕೇಳಿದಳಂತೆ. ಸಿದ್ದಕ್ಕ ಬಹಳ ಹೊತ್ತು ಮರವನ್ನೇ ನೋಡುತ್ತ ನಿಂತು, ಒಳಗೆ ಹೋಗಿ, ಸಂತೆಯಿಂದ ತಂದಿದ್ದ ನುಗ್ಗೆಕಾಯನ್ನೇ ತಂದು ಕೊಟ್ಟಳಂತೆ.

"ನನಗೆ ಸಿಟ್ಟೇ ಬಂದಿತ್ತು ಕಣಮ್ಮ," ಎಂದಳು ಫಾಮಿದಾ. "ಆಮೇಲೆ ಕೇಳಿದ್ದಕ್ಕೆ ಹೇಳಿದ್ಳು, ಮಗಿಗೆ ಮಾತು ಕೊಟ್ಟಿದೀನಿ ಅಂತ."

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಸಂತೆಯಿಂದ ಬಂದ ಸಿದ್ದಕ್ಕ, ಜಗುಲಿಯಲ್ಲಿ ಹನುಮಂತಯ್ಯನನ್ನು ಕಂಡು, ಕೈಯಲ್ಲಿದ್ದ ಚೀಲವನ್ನೂ ಇಡದೆ ನೇರವಾಗಿ ಇಲ್ಲಿಗೆ ಬಂದಿದ್ದಳು. ಬಿಸಿಲಿಗೆ ಮುಖ ಬೆವೆತಿತ್ತು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಚೀಲದ ಬಾಯಿಂದ ಎರಡು ಎಳೆ ಹೀರೆಕಾಯಿ ಹೊರಗೆ ಚಾಚಿಕೊಂಡಿದ್ದವು.

ಭೈರಮ್ಮ ಆ ಹೀರೆಕಾಯಿಗಳನ್ನು ನೋಡಿದಳು, ಚಪ್ಪರದಲ್ಲಿ ಒಣಗಿ ಜೋಲುತ್ತಿದ್ದವನ್ನು ನೋಡಿದಳು.

"ಕಿತ್ಕೋಬಾರ್ದಾಗಿತ್ತಾ?"

"ನೀನು ಹೇಳಿರ್ಲಿಲ್ವಲ್ಲ."

"ನಾಕು ದಿನಕ್ಕೆ ಬತ್ತೀನಿ ಅಂತಲ್ವಾ ನಾನು ಹೋಗಿದ್ದು."

"ಹೂಂ. ನಾಳೆ ಬತ್ತಾಳೆ, ನಾಡಿದ್ದು ಬತ್ತಾಳೆ, ಬಂದು ಅವಳೇ ಕೀಳ್ಲಿ ಅಂತ ನೋಡ್ತಿದ್ದೆ," ಎಂದಳು ಸಿದ್ದಕ್ಕ. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಒಂದ್ಸಲ ಕೇಳ್ದೆ ಕಿತ್ತು ನಿನ್ನ ಕಣ್ಣಾಗೆ ನೀರು ತರಿಸ್ದೆ. ಇನ್ನೊಂದ್ಸಲ ಕೈ ಏಳಲಿಲ್ಲ ಕಣವ್ವ."

ಹುಡುಗಿ ಬಳ್ಳಿಯ ಹತ್ತಿರ ಕೂತಳು. ಹೊಸ ಹೂವಿದೆಯೇ ಎಂದು ಎಲೆ ಸರಿಸಿ ಹುಡುಕಿದಳು, ಇರಲಿಲ್ಲ. ಅವ್ವ ಹೇಳಿಕೊಟ್ಟಿದ್ದ ಮಾತನ್ನು, ಯೋಚನೆ ಮಾಡದೆ, ಹಾಗೆಯೇ ಹೇಳಿಬಿಟ್ಟಳು. ಕಾಯಿ ಎಳೆಯದಾಗಿರುವಾಗಲೇ ಕೀಳುತ್ತಿರಬೇಕು. ಬಲಿತು ಬೀಜವಾದರೆ ಬಳ್ಳಿ ತನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ, ಮತ್ತೆ ಹೂ ಬಿಡುವುದಿಲ್ಲ.

ಸಿದ್ದಕ್ಕನ ಮುಖ ಇಳಿದುಹೋಯಿತು. ಅವಳ ತವರಿನಲ್ಲಿದ್ದುದು ಬರೀ ತೆಂಗು, ಹೊಲದ ರಾಗಿ, ಹುರುಳಿ. ತರಕಾರಿ ಬಳ್ಳಿಯ ಸಂಗತಿ ಅವಳಿಗೆ ತಿಳಿಯದು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಹಂಗಾದ್ರೆ ನಾನೇ ಹಾಳು ಮಾಡ್ಬುಟ್ನಾ? ಕಾಪಾಡ್ತಾ ಇದೀನಿ ಅಂದ್ಕೊಂಡಿದ್ದೆ."

ಅವಳ ದನಿ ಬಹಳ ಸಣ್ಣದಾಗಿತ್ತು. ಮಡಿಲ ಮೇಲೆ ಬಿಡಿಸಿಕೊಂಡಿದ್ದ ಅಂಗೈಗಳಲ್ಲಿ ಬಾವಿ ಹಗ್ಗದ ಬೊಬ್ಬೆ ಒಡೆದು, ಒಣಗಿ, ಅದರ ಮೇಲೆ ಇನ್ನೊಂದು ಬೊಬ್ಬೆ ಎದ್ದಿತ್ತು. ಭೈರಮ್ಮ ಎದ್ದು ಅದನ್ನು ನೋಡುತ್ತ ನಿಂತಳು. ತುರುವೇಕೆರೆಯ ನಡುಕೋಣೆಯಲ್ಲಿ ಮಲಗಿ, ಇವಳು ನನ್ನ ಗಿಡಗಳನ್ನು ಒಣಗಿಸಿರುತ್ತಾಳೆ ಎಂದು ಅತ್ತದ್ದು ನೆನಪಾಯಿತು. ಹತ್ತಿರ ಹೋಗಿ ಆ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಸಿದ್ದಕ್ಕನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು. ಸಿದ್ದಕ್ಕ ಅವಳ ತಲೆಯ ಮೇಲೆ ಕೈ ಇಟ್ಟಳು. ಹಕ್ಕಳೆ ಉದುರಿದ ಜಾಗಗಳು ನೋಯದಂತೆ ಬೆರಳ ತುದಿಯಿಂದ ಸವರಿದಳು. ಫಾಮಿದಾ ತನ್ನ ಒದ್ದೆ ಬಟ್ಟೆಗಳ ಕಡೆ ತಿರುಗಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಭೈರಮ್ಮ ಮೂಗು ಒರೆಸಿಕೊಂಡು ಒಳಗೆ ಹೋಗಿ ದೊಡ್ಡ ಪುಟ್ಟಿ ತಂದಳು. "ಬಾ, ಕೀಳಾನ," ಎಂದಳು. ಬಿಸಿಲು ಇಳಿಯಲಿ, ಈಗ ತಾನೆ ಕಾಯಿಲೆಯಿಂದ ಎದ್ದಿದ್ದೀಯ ಎಂದು ಸಿದ್ದಕ್ಕ ತಡೆದಳು. ಮಾವನಿಗೆ ಬಡಿಸಿ, ತಾವೂ ಊಟ ಮಾಡಿ, ಬಿಸಿಲು ಬಾಗಿದ ಮೇಲೆ ಇಬ್ಬರೂ ಹಿತ್ತಲಿಗೆ ಇಳಿದರು.

ಸಿದ್ದಕ್ಕ ಮೊದಲ ಸೌತೆಕಾಯಿಗೆ ಕೈ ಹಾಕುವಾಗ ಹಿಂಜರಿದಳು. ತೊಟ್ಟಿನ ಹತ್ತಿರ ಹೇಗೆ ಹಿಡಿಯಬೇಕು, ಬಳ್ಳಿ ಜಗ್ಗದಂತೆ ಹೇಗೆ ತಿರುಚಬೇಕು ಎಂದು ಭೈರಮ್ಮ ತೋರಿಸಿಕೊಟ್ಟಳು. ಪುಟ್ಟಿ ತುಂಬಿತು, ಮಂಕರಿ ತುಂಬಿತು, ಕೊನೆಗೆ ನೆಲದ ಮೇಲೆ ಗೋಣಿ ಹಾಸಿ ಸುರಿದರು. ಹಳದಿ ಬದನೆಯ ಗಿಡಗಳನ್ನು ಅರ್ಧಕ್ಕೆ ಸವರಿದರು. ಅವು ಮತ್ತೆ ಚಿಗುರುತ್ತವೆ ಎಂದು ಹುಡುಗಿ ಧೈರ್ಯ ಹೇಳಿದಳು. ಮಾವಿನ ಮರದಲ್ಲಿ ಮಾತ್ರ ಕಾಯಿ ಉಪ್ಪಿನಕಾಯಿಗೆ ಸರಿಯಾಗಿ ಬಂದಿತ್ತು, ಹುಳಿ ತುಂಬಿ, ಒಳಗಿನ ಓಟೆ ಗಟ್ಟಿಯಾಗಿ. ಎತ್ತರದ ಸಿದ್ದಕ್ಕ ದೋಟಿ ಹಿಡಿದಳು. ಫಾಮಿದಾ ಬೇಲಿ ದಾಟಿ ಬಂದಳು; ಹುಡುಗಿಯೂ ಅವಳೂ ಹಳೆಯ ದುಪ್ಪಟಿಯ ನಾಲ್ಕು ತುದಿ ಹಿಡಿದು ಕೆಳಗೆ ನಿಂತರು. ಒಂದು ಕಾಯಿ ದುಪ್ಪಟಿ ತಪ್ಪಿ, ಸದ್ದು ಕೇಳಿ ಬಂದು ನಿಂತಿದ್ದ ಮಾವನ ಹೆಗಲಿಗೆ ಬಡಿಯಿತು. ಅವನು ಹೆಗಲು ನೀವಿಕೊಳ್ಳುತ್ತ ಆ ಕಾಯನ್ನೇ ಒರೆಸಿ ಕಚ್ಚಿದ. ಹುಳಿಗೆ ಅವನ ಮುಖ ಕಿವುಚಿಕೊಂಡದ್ದನ್ನು ಕಂಡು ಸಿದ್ದಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಗುವುದನ್ನು ಭೈರಮ್ಮ ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲು ಒಂದರ ಮೇಲೊಂದು ಏರಿತ್ತು.

ದೀಪ ಹಚ್ಚುವ ಹೊತ್ತಿಗೆ ದೊಡ್ಡರಂಗಯ್ಯ ಬಂದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಹಿತ್ತಲ ಬಾಗಿಲಲ್ಲಿ ನಿಂತು ಬರಿದಾದ ಚಪ್ಪರವನ್ನು ನೋಡಿದ. ನಾನು ಹೇಳಿ ಹೇಳಿ ಸಾಕಾಗಿದ್ದೆ ಎಂದು ಶುರುಮಾಡಿದವನು, ಇಬ್ಬರೂ ಅಕ್ಕಪಕ್ಕ ಕೂತು ಹಣ್ಣು ಸೌತೆ ಸೀಳಿ ತಿರುಳು ತೆಗೆಯುತ್ತಿದ್ದುದನ್ನು ಕಂಡು ಮುಂದುವರಿಸಲಿಲ್ಲ. ರಾತ್ರಿ ಊಟಕ್ಕೆ ಆ ಹಣ್ಣು ಸೌತೆಯದೇ ಹುಳಿ, ಕಾಯಿ ರುಬ್ಬಿ ಹಾಕಿ ಗಟ್ಟಿಯಾಗಿ ಮಾಡಿದ್ದರು. ಅವನು ಎರಡನೆಯ ಮುದ್ದೆ ಹಾಕಿಸಿಕೊಂಡ.

ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ಮೊರದಲ್ಲಿ ಹರಡಿ ಒಣಗಿಸಿದರು. ಅಷ್ಟೊಂದು ಬೀಜ ಆ ಮನೆಯಲ್ಲಿ ಯಾವ ವರ್ಷವೂ ಆಗಿರಲಿಲ್ಲ. ಫಾಮಿದಾಗೆ ಕೊಟ್ಟರು, ಮಾವ ಹೋಗುವಾಗ ತುರುವೇಕೆರೆಗೆ ಕಟ್ಟಿಕೊಟ್ಟರು, ನಕ್ಕಿದ್ದ ಬೀದಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಹಿಡಿ ಹಿಡಿ ಕೇಳಿಕೊಂಡು ಹೋದರು. ಒಣಗಿದ ಹೀರೆಯ ನಾರು ಮೈಯುಜ್ಜಲು ಎಲ್ಲರ ಬಚ್ಚಲಿಗೂ ಆಯಿತು. ದಿನವೂ ಸಂಜೆ ಸಿದ್ದಕ್ಕ ಹುಡುಗಿಯ ಕಲೆಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಹುಡುಗಿ ಅವಳ ಅಂಗೈಗೆ ಹಚ್ಚುತ್ತಿದ್ದಳು.

ಭರಣಿ ಮಳೆ ಒಂದು ಸಂಜೆ ಗುಡುಗಿನೊಂದಿಗೆ ಬಂದು ಹೋಯಿತು. ಮಾರನೆಯ ಬೆಳಿಗ್ಗೆ ಭೈರಮ್ಮ ಒಣಗಿದ ಬಳ್ಳಿಗಳನ್ನು ಕಿತ್ತು ಗುಡ್ಡೆ ಹಾಕಿ, ಪಾತಿಗಳನ್ನು ಮತ್ತೆ ಅಗೆದಳು. ಸಿದ್ದಕ್ಕ ಮಣ್ಣಿನ ಹೆಂಟೆ ಒಡೆಯುತ್ತಿದ್ದಳು. ಮಾವಿನ ಮರದ ಆಚೆ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ, ಒಂದು ಪಾತಿ ಬಿಟ್ಟಿದ್ದೇನೆ, ಅಲ್ಲಿ ನಿನಗೇನು ಬೇಕೋ ಅದನ್ನು ಹಾಕು ಎಂದಳು ಹುಡುಗಿ.

ಸಿದ್ದಕ್ಕ ಕೈ ನಿಲ್ಲಿಸಿದಳು. ಏನಾದರೂ ಹಾಕು, ಎಲ್ಲರೂ ತಿನ್ನುವಂಥದ್ದು ಹಾಕು ಎಂದಳು. ಎಲ್ಲರ ಮಾತಲ್ಲ, ನಿನಗೆ ಏನಿಷ್ಟ ಹೇಳು ಎಂದು ಹುಡುಗಿ ಬಿಡಲಿಲ್ಲ. ಸಿದ್ದಕ್ಕ ಮಣ್ಣಿನ ಕೈಯಲ್ಲೇ ಕೂದಲು ಹಿಂದಕ್ಕೆ ಸರಿಸಿಕೊಂಡು ಯೋಚಿಸಿದಳು. ಅಂಥ ಪ್ರಶ್ನೆಗೆ ಉತ್ತರ ಹುಡುಕಿ ಅಭ್ಯಾಸವಿಲ್ಲದವಳಂತೆ ಬಹಳ ಹೊತ್ತು ತೆಗೆದುಕೊಂಡಳು.

"ಗೋರಿಕಾಯಿ," ಎಂದಳು ಕೊನೆಗೆ, ನಾಚಿಕೊಂಡು. "ನಂಗೆ ಗೋರಿಕಾಯಿ ಅಂದ್ರೆ ಆಸೆ."

ಭೈರಮ್ಮನಿಗೆ ಗೋರಿಕಾಯಿಯ ಕಹಿ ಒಗರು ಕಂಡರೆ ಆಗುತ್ತಿರಲಿಲ್ಲ. ಅದನ್ನು ಅವಳು ಹೇಳಲಿಲ್ಲ. ಫಾಮಿದಾಳ ಹತ್ತಿರ ಗೋರಿಕಾಯಿ ಬೀಜವಿದೆಯೇ ಎಂದು ಬೇಲಿಯ ಕಡೆ ಹೋಗಿ ಕೂಗಿ ಕೇಳಿದಳು. ಇದೆ ಎಂದು ಉತ್ತರ ಬಂತು. ಸಿದ್ದಕ್ಕ ಗುದ್ದಲಿ ತೆಗೆದುಕೊಂಡು, ತೋರಿಸಿದ ಪಾತಿಯಲ್ಲಿ ಸಾಲು ಎಳೆಯಲು ಶುರುಮಾಡಿದಳು.